ಬಾಣಂತಿ ಅಳಬಾರದು, ಶೀತವಾಗುತ್ತದೆ

ಕುಂದಾಪುರದ ಬಳಿಯ ನಮ್ಮ ಹಟ್ಟಿಯಂಗಡಿ ಕಡೆಯ ಬಾಣಂತನದ ಬಗ್ಗೆ ಯಾರೂ ಹಗುರವಾಗಿ ಮಾತಾಡಕೂಡದು. ಬಾಣಂತಿಗೆ ಇಲ್ಲಿ ಏನು ಕಡಿಮೆ ಮಾಡಿದ್ದೇವೆ? ಹಂಡೆ ತುಂಬ ಬಿಸಿನೀರು, ಕಾಯಿಸಿಟ್ಟ ಎಣ್ಣೆ, ಕಾಳುಮೆಣಸಿನ ಸಾರು, ಓಮದ ಕಷಾಯ, ಬೆಳ್ಳುಳ್ಳಿ, ತುಪ್ಪ, ಲೇಹ್ಯ. ನಲವತ್ತು ದಿನ ಕಸಬರಿಕೆ ಮುಟ್ಟುವಂತಿಲ್ಲ, ಒಲೆಯ ಹತ್ತಿರ ಸುಳಿಯುವಂತಿಲ್ಲ. ಮಹಾರಾಣಿಯ ಬಾಳು. ಮಹಾರಾಣಿಗೆ ಬಾಗಿಲು ತೆರೆದು ಹೊರಗೆ ಬರುವ ಅಧಿಕಾರ ಮಾತ್ರ ಇಲ್ಲ.

ಮೀಯಿಸುವ ಅಮ್ಮ ಬೆಳಿಗ್ಗೆಯೇ ಬರುತ್ತಾರೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಮೊಣಕಾಲಿನಿಂದ ಕೆಳಗೆ ಉದ್ದಕ್ಕೆ ಮಲಗಿಸಿಕೊಂಡು ಎಣ್ಣೆ ತಿಕ್ಕುವ ಆ ಕೈ ಕಾಣಬೇಕು. ಮೂಗು ನೀವಿ ನೇರ ಮಾಡುತ್ತದೆ, ತಲೆ ಒತ್ತಿ ಗುಂಡಗೆ ಮಾಡುತ್ತದೆ. ಮಗುವಿನದ್ದು ಮುಗಿದ ಮೇಲೆ ತಾಯಿಯ ಸರದಿ. ಕೈ ಹಾಕಿದರೆ ಸುಡುವ ನೀರನ್ನು ಚೆಂಬಿನಲ್ಲಿ ಮೊಗೆದು ಸೊಂಟಕ್ಕೆ ಬೀಸಿ ಹೊಡೆಯುತ್ತಾರೆ. ಚೆಂಬು ಚೆಂಬಿಗೂ ಆಕೆ 'ಅಮ್ಮಾ' ಅನ್ನುತ್ತಾಳೆ, ಆ ಅಮ್ಮ ನಡುಮನೆಯಲ್ಲಿ ಬಂದವರಿಗೆ ಕಾಫಿ ಕೊಡುತ್ತಿರುತ್ತಾಳೆ. ಮಿಂದಾದ ಮೇಲೆ ಹೊಟ್ಟೆಗೆ ಹಳೇ ಸೀರೆ ಬಿಗಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಗೆ ಸಾಂಬ್ರಾಣಿ ಹೊಗೆ. ಕಿಟಕಿ ಮುಚ್ಚು, ಫ್ಯಾನು ಆರಿಸು, ಕಂಬಳಿ ಹೊದೆದು ಬೆವರುವ ತನಕ ಮಲಗು. ಮೇ ತಿಂಗಳ ಕುಂದಾಪುರದಲ್ಲಿ ಬೆವರಲು ಕಂಬಳಿಯೇ ಬೇಕೇ ಎಂದು ಕೇಳುವ ಧೈರ್ಯ ಯಾವ ಬಾಣಂತಿಗೂ ಬಂದದ್ದಿಲ್ಲ. ಕುಡಿಯಲು ನೀರು ಕೇಳಿದರೆ ಲೆಕ್ಕ ಮಾಡಿ ಕೊಡುತ್ತಾರೆ, ಹೊಟ್ಟೆ ಬರುತ್ತದಂತೆ.

ಇದನ್ನೆಲ್ಲ ಬರಿದೇ ಗೇಲಿ ಮಾಡುವಷ್ಟು ಕೃತಘ್ನರಾಗಬಾರದು. ಹೆಂಗಸರನ್ನು ಬೆಳಿಗ್ಗೆಯೇ ಗದ್ದೆಗೆ ಇಳಿಸುತ್ತಿದ್ದ ಕಾಲದಲ್ಲಿ, ಹೆತ್ತವಳಿಗೆ ನಲವತ್ತು ದಿನದ ರಜೆ ಬರೆದುಕೊಟ್ಟ ಏಕೈಕ ಇಲಾಖೆ ಈ ಸೂತಕ ಮತ್ತು ಶಾಸ್ತ್ರ. ಬಿಸಿನೀರು ಮೈಗೆ ಹಿತ, ಎಣ್ಣೆಯ ಕೈಗೂ ಒಂದು ಮಮತೆ ಇದೆ. ನನ್ನ ತಕರಾರು ಒಂದೇ. ಈ ಇಡೀ ವ್ಯವಸ್ಥೆ ಸೊಂಟದಿಂದ ಶುರುವಾಗಿ ಹೊಟ್ಟೆ, ಎದೆ, ಕಿವಿಯ ತನಕ ಹತ್ತಿ, ಅಲ್ಲಿಗೆ ನಿಂತುಬಿಟ್ಟಿದೆ. ಕಿವಿಗೆ ಹತ್ತಿ ಇಟ್ಟರೆ ಗಾಳಿ ಒಳಗೆ ಹೋಗುವುದಿಲ್ಲ ಎಂದು ಗೊತ್ತಿದ್ದವರಿಗೆ, ಎರಡು ಕಿವಿಗಳ ನಡುವೆಯೂ ಏನೋ ಇದೆ ಎಂಬ ಅನುಮಾನ ಬಂದಂತಿಲ್ಲ.

ನಾಲ್ಕನೆಯದೋ ಐದನೆಯದೋ ದಿನ ಬಾಣಂತಿ ಅಳುತ್ತಾಳೆ. ಇದು ಲೋಕದಲ್ಲಿ ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗುವ ಸಂಗತಿ. ಒಂಬತ್ತು ತಿಂಗಳು ಏರಿಕೊಂಡಿದ್ದ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಧೊಪ್ಪನೆ ಇಳಿಯುತ್ತವೆ. ಹೊಲಿಗೆ ನೋಯುತ್ತದೆ. ಮಗು ದಿನಕ್ಕೆ ಎಂಟು ಹತ್ತು ಸಲ ಹಾಲಿಗೆ ಏಳಿಸುತ್ತದೆ. ಎರಡು ವಾರದೊಳಗೆ ಆ ಅಳು ತಾನಾಗಿ ಇಳಿಯುವುದೂ ಉಂಟು. ಇಳಿಯದೆ ಉಳಿದರೆ, ದಿನ ದಿನಕ್ಕೆ ಮಂಕು ಕವಿದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಅದು ಖಿನ್ನತೆ. ಆದರೆ ನಮ್ಮ ನಡುಮನೆಯ ವೈದ್ಯಕೀಯ ಮಂಡಳಿ ಇಷ್ಟು ಹೊತ್ತು ಕಾಯುವುದಿಲ್ಲ. ಮೊದಲ ಹನಿ ಉದುರುವಷ್ಟರಲ್ಲಿ ತೀರ್ಪು ಬಂದಿರುತ್ತದೆ: "ಎಂತಕ್ಕೆ ಮರ್ಕುದ್ ಹೆಣೆ? ಬಾಣಂತಿ ಮರ್ಕೂಕಾಗ, ಶೀತ ಆತ್ತ್."

ಶೀತ! ಕಣ್ಣೀರಿನಿಂದ ತಾಯಿಗೆ ಶೀತ, ತಾಯಿಯಿಂದ ಹಾಲಿಗೆ, ಹಾಲಿನಿಂದ ಮಗುವಿಗೆ. ಅಳು ಬಂದರೆ ನುಂಗಬೇಕು, ಅದಕ್ಕೆ ಪಥ್ಯ ಇಲ್ಲ.

ತೀರ್ಪಿನ ಮೇಲೆ ಆಕೆ ಮೇಲ್ಮನವಿ ಸಲ್ಲಿಸಿದಳು ಅಂತಿಟ್ಟುಕೊಳ್ಳಿ. ಆಗ ಅತ್ತೆ, ಅತ್ತೆಯ ಅಕ್ಕ, ಪಕ್ಕದ ಮನೆಯ ದೊಡ್ಡಮ್ಮ ಮೂವರೂ ಸೇರಿದ ಪೂರ್ಣಪೀಠ ಕೂರುತ್ತದೆ. "ನಾವೆಲ್ಲ ಹೆರ್ಲಿಲ್ಯಾ?" ಎಂಬ ಒಂದೇ ಸಾಲಿನಲ್ಲಿ ಅರ್ಜಿ ವಜಾ. ಒಬ್ಬರು ಎಂಟು ಹೆತ್ತವರು, ಇನ್ನೊಬ್ಬರು ಮುಂಗಾರು ನಾಟಿಯ ಗದ್ದೆಯಿಂದ ಎದ್ದು ಬಂದು ಹೆತ್ತವರು. ಅವರ ಗಟ್ಟಿತನಕ್ಕೆ ಕೈ ಮುಗಿಯೋಣ. ಆದರೆ ಸಾಕ್ಷಿ ಹೇಳಲು ಬಂದವರೆಲ್ಲ ಬದುಕಿ ಉಳಿದವರು ಎಂಬುದನ್ನು ಪೀಠ ಗಮನಿಸುವುದಿಲ್ಲ. ಹೆತ್ತು ಎರಡನೇ ತಿಂಗಳಿಗೆ ಬಾವಿಯ ದಾರಿ ಹಿಡಿದವಳು, ಸನ್ನಿ ಹಿಡಿಯಿತೆಂದು ತವರಿನ ಚಾವಡಿಯ ಮೂಲೆಗೆ ಸೇರಿಸಲ್ಪಟ್ಟು ಅಲ್ಲಿಯೇ ಮುದುಕಿಯಾದವಳು, ಇವರನ್ನು ಯಾರೂ ಸಾಕ್ಷಿಕಟ್ಟೆಗೆ ಕರೆಯುವುದಿಲ್ಲ. ಎಂಟು ಹೆತ್ತವರನ್ನೇ ಒಂದು ಸಂಜೆ ಒಬ್ಬರೇ ಇದ್ದಾಗ ಕೂರಿಸಿಕೊಂಡು ನಾಲ್ಕನೆಯ ಹೆರಿಗೆ ಹೇಗಾಯಿತು ದೊಡ್ಡಮ್ಮ ಎಂದು ಕೇಳಿ ನೋಡಿ. ಮಾತು ನಿಂತುಹೋಗುತ್ತದೆ. ಸೆರಗು ಮೂಗಿಗೆ ಹೋಗುತ್ತದೆ. ಅವರಿಗೂ ಆಗ ಯಾರೋ ಶೀತದ ಹೆದರಿಕೆ ಹಾಕಿದ್ದರು.

ಬಾಣಂತಿ ನೋಡಲು ಬರುವ ನೆಂಟರದ್ದು ಇನ್ನೊಂದು ಪಡೆ. ಮಗು ಎಷ್ಟು ತೂಕ, ಬಣ್ಣ ಯಾರದ್ದು, ನಾರ್ಮಲ್ಲಾ ಸಿಸೇರಿಯನ್ನಾ, ಹಾಲ್ ಸಾಕಾತ್ತಾ. ಕೊನೆಯ ಪ್ರಶ್ನೆಗೆ ಮಾತ್ರ ತಾಯಿಯ ಕಡೆ ನೋಡುತ್ತಾರೆ, ಅದೂ ಮುಖದ ಕಡೆ ಅಲ್ಲ. ಮಗು ಹೆಣ್ಣಾದರೆ "ಲಕ್ಷ್ಮಿ ಬಂದ್ಲ್" ಎನ್ನುವ ಬಾಯಿ, ಮೆಟ್ಟಿಲು ಇಳಿಯುತ್ತ "ಇರ್ಲಿ, ಮುಂದಿನ ಸಲ ಕಾಂಬ" ಎಂದೂ ಹೇಳುತ್ತದೆ. ಹೊಲಿಗೆ ಇನ್ನೂ ಒಣಗದವಳಿಗೆ ಮುಂದಿನ ಸಲದ ಆಶ್ವಾಸನೆ! ಇದು ಬರೀ ಬಾಯಿಚಪಲ ಎಂದು ಬಿಡುವಂತಿಲ್ಲ. ನಮ್ಮ ಇದೇ ಕರಾವಳಿಯ ಬಡಗು ದಿಕ್ಕಿನ ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಶೇ. 23ರಷ್ಟು ಮಂದಿ ಖಿನ್ನತೆಯಲ್ಲಿದ್ದರು. ಬಡತನ, ಗಂಡನ ಹೊಡೆತ, ಗಂಡು ಬೇಕಿದ್ದಲ್ಲಿ ಹೆಣ್ಣು ಹುಟ್ಟಿದ್ದು, ಇವು ಖಿನ್ನತೆಯ ಜೊತೆಗೇ ನಡೆಯುತ್ತಿದ್ದವು. ಖಿನ್ನತೆ ಪೇಟೆಯ ಶ್ರೀಮಂತರ ಚಾಳಿ, ಗೇರುಬೀಜದ ಕಾರ್ಖಾನೆಗೆ ಹೋಗುವವಳಿಗೆ ಅದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನುವವರು ಇದನ್ನು ಓದುವುದಿಲ್ಲ, ಓದಿದರೂ ಗೋವೆಯವರು ಬಿಡಿ, ಕುಡುಕರು ಎಂದುಬಿಡುತ್ತಾರೆ. ಹಾಗಾದರೆ ದೇಶದ್ದೇ ಲೆಕ್ಕ ನೋಡಿ. ಭಾರತದ 38 ಅಧ್ಯಯನಗಳನ್ನು ಒಟ್ಟು ಮಾಡಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ 2017ರಲ್ಲಿ ಕೊಟ್ಟ ಅಂದಾಜು ಶೇ. 22. ಹೆಚ್ಚುಕಡಿಮೆ ಐದು ತೊಟ್ಟಿಲಿಗೆ ಒಂದು.

ಮಂಕು ಹೆಚ್ಚಾದರೆ ಮನೆಯವರು ಕೈಕಟ್ಟಿ ಕೂರುತ್ತಾರೆ ಎಂದುಕೊಳ್ಳಬೇಡಿ. ಖರ್ಚಿಗೆ ಹಿಂಜರಿಯುವವರಲ್ಲ ನಾವು. ಪ್ರಶ್ನೆ ಇಡಿಸುತ್ತೇವೆ. ಜೋಯಿಸರು ಕವಡೆ ಮಗುಚಿ ಮೂರು ತಲೆಮಾರು ಹಿಂದಿನ ನಾಗನ ನಡೆಯನ್ನೂ, ಗರ್ಭಿಣಿ ಅಮಾವಾಸ್ಯೆಯಂದು ದಾಟಿದ ತೋಡನ್ನೂ ಹುಡುಕಿ ತೆಗೆಯುತ್ತಾರೆ. ಪಾತ್ರಿಯ ದರ್ಶನವಾಗುತ್ತದೆ, ನೂಲು ಕಟ್ಟಲಾಗುತ್ತದೆ. ಕವಡೆಗೆ ಪ್ರಶ್ನೆ, ದೈವಕ್ಕೆ ಪ್ರಶ್ನೆ, ಹೊಳೆಯಾಚೆಯ ಮಂತ್ರವಾದಿಗೂ ಒಂದು ಪ್ರಶ್ನೆ. ಒಳಕೋಣೆಯಲ್ಲಿ ಬಾಯಿ ಇರುವ ಒಬ್ಬಳು ಮಲಗಿದ್ದಾಳೆ, ಅವಳನ್ನೇ ಕೇಳಿದರೆ ಬಸ್ಸಿನ ಖರ್ಚೂ ಉಳಿಯುತ್ತಿತ್ತು. ಮನೋವೈದ್ಯರ ಹೆಸರೆತ್ತಿದರೆ ಮಾತ್ರ ಮನೆಯ ಮಾನ ಥಟ್ಟನೆ ಎಚ್ಚರಗೊಳ್ಳುತ್ತದೆ: ನಾಳೆ ನಾದಿನಿಗೆ ಗಂಡು ಬರಬೇಡವೇ? ಮಾತ್ರೆ ತಿಂದರೆ ಹಾಲು ಬತ್ತುತ್ತದೆ ಎಂಬ ಔಷಧಶಾಸ್ತ್ರವೂ ಜೊತೆಗೆ ಬರುತ್ತದೆ. ಹಾಲೂಡಿಸುತ್ತಲೇ ವೈದ್ಯರ ಸಲಹೆಯಲ್ಲಿ ತೆಗೆದುಕೊಳ್ಳಬಹುದಾದ ಖಿನ್ನತೆಯ ಮಾತ್ರೆಗಳಿವೆ, ಎಷ್ಟೋ ಮಂದಿಗೆ ಮಾತ್ರೆಯೂ ಬೇಡ, ಆಪ್ತ ಸಮಾಲೋಚನೆಯೇ ಸಾಕಾಗುತ್ತದೆ. ಈ ಮಾತು ಪೂರ್ಣಪೀಠದ ಮುಂದೆ ನಿಲ್ಲುವುದಿಲ್ಲ.

ಮನೆಯನ್ನೇ ಬೈದು ಸರ್ಕಾರವನ್ನು ಬಿಟ್ಟರೆ ಪಕ್ಷಪಾತವಾದೀತು. ಬಾಣಂತಿಗೆ ಅಲ್ಲಿಯೂ ರಾಜಮರ್ಯಾದೆ ಇದೆ. ತಾಯಿ ಕಾರ್ಡಿನಲ್ಲಿ ಅವಳ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ನುಂಗಿದ ಕಬ್ಬಿಣಾಂಶದ ಮಾತ್ರೆ ಎಲ್ಲಕ್ಕೂ ಲೆಕ್ಕ ಇದೆ. 2017ರಿಂದ ಮಾತೃಪೂರ್ಣ ಎಂಬ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಇದೆ. ಬಾಣಂತಿ ಹೊಸಿಲು ದಾಟಬಾರದೆಂಬ ಮನೆಯಲ್ಲಿ ಆ ಊಟ ಯಾರ ಹೊಟ್ಟೆಗೆ ಹೋಗುತ್ತದೆಂಬುದು ಬೇರೆ ಮಾತು. ಎಲ್ಲಕ್ಕಿಂತ ಮೇಲೆ ಆಶಾ ಕಾರ್ಯಕರ್ತೆ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಸಲ ಮನೆಗೆ ಬರಬೇಕು. ಆರೂ ಭೇಟಿಗೆ ಸೇರಿ ಸರ್ಕಾರ ಅವರಿಗೆ ಕೊಡುವ ಪ್ರೋತ್ಸಾಹಧನ 250 ರೂಪಾಯಿ. ಮಳೆಗಾಲದಲ್ಲಿ ವಾರಾಹಿ ತುಂಬಿ ಗದ್ದೆಬದುವೆಲ್ಲ ನೀರಾದಾಗ ಕೊಡೆ ಹಿಡಿದು ಬರುವ ಹೆಂಗಸಿಗೆ ಒಂದು ಭೇಟಿಗೆ ನಲವತ್ತೊಂದು ರೂಪಾಯಿ ಚಿಲ್ಲರೆ. ಆ ಹಣದಲ್ಲಿ ಮನಸ್ಸನ್ನೂ ವಿಚಾರಿಸಬೇಕಿತ್ತು ಎಂದು ನಾನು ಅವರ ಮೇಲೆ ಹರಿಹಾಯುವುದಿಲ್ಲ.

ಅವರ ಕೈಯಲ್ಲಿರುವ ನಮೂನೆಯನ್ನು ಮಾತ್ರ ನೋಡಿ. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು, ಕಣ್ಣು. ತಾಯಿಯದ್ದೂ ಇದೆ: ದಿನಕ್ಕೆ ಎಷ್ಟು ಹೊತ್ತು ಹೊಟ್ಟೆ ತುಂಬ ಉಂಡಳು, ರಕ್ತಸ್ರಾವ ಎಷ್ಟು, ಜ್ವರ ಉಂಟೇ, ಹಾಲು ಸಾಲುತ್ತದೆಯೇ. ಮನಸ್ಸಿಗೂ ಒಂದು ಸಾಲು ಬಿಟ್ಟಿದ್ದಾರೆ, ಇಲ್ಲವೆನ್ನುವಂತಿಲ್ಲ. ತಾಯಿ ಅಸಂಬದ್ಧವಾಗಿ ಮಾತಾಡುತ್ತಾಳೆಯೇ ಅಥವಾ ಫಿಟ್ಸ್ ಬಂದಿದೆಯೇ? ಅಷ್ಟೇ. ಅಂದರೆ ಮಾತಾಡಿದರೆ ಕಾಯಿಲೆ. ಗೋಡೆ ನೋಡುತ್ತ ಮಲಗಿ, ಕೇಳಿದ್ದಕ್ಕೆ ಹೂಂ ಎಂದು, ಕೊಟ್ಟದ್ದು ನುಂಗುವವಳು ಸರ್ಕಾರದ ಲೆಕ್ಕದಲ್ಲಿ ಆರೋಗ್ಯವಂತಳು. ಅತ್ತೆಯ ಲೆಕ್ಕದಲ್ಲಂತೂ ಅವಳಷ್ಟು ಒಳ್ಳೆಯ ಬಾಣಂತಿ ಊರಲ್ಲಿಲ್ಲ, ಒಂದು ಸೊಲ್ಲೂ ಎತ್ತುವುದಿಲ್ಲ. ಮನೆ ಮತ್ತು ಸರ್ಕಾರ ಇಷ್ಟು ಒಮ್ಮತದಿಂದ ನಡೆದುಕೊಂಡ ಇನ್ನೊಂದು ವಿಷಯವನ್ನು ನಾನು ಕಂಡಿಲ್ಲ.

ಸೊಲ್ಲೆತ್ತದವಳನ್ನು ಮಾತಾಡಿಸುವ ಉಪಾಯ ಲೋಕಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1987ರಲ್ಲೇ ಹತ್ತು ಪ್ರಶ್ನೆಗಳ ಒಂದು ಪಟ್ಟಿ ತಯಾರಾಯಿತು. ಕಳೆದ ಏಳು ದಿನಗಳಲ್ಲಿ ನಗು ಬಂತೇ, ಕಾರಣವಿಲ್ಲದೆ ದಿಗಿಲಾಯಿತೇ, ನಿದ್ದೆ ಬಾರದಷ್ಟು ದುಃಖವಾಯಿತೇ, ಸಾಯುವ ಯೋಚನೆ ಸುಳಿಯಿತೇ, ಈ ಬಗೆಯವು. ಐದು ನಿಮಿಷದ ಕೆಲಸ, ಯಂತ್ರ ಬೇಡ, ರಕ್ತ ಬೇಡ. ಕನ್ನಡದಲ್ಲಿಯೂ ಅದನ್ನು ನಮ್ಮ ಹಳ್ಳಿಗಳ ಹೆಂಗಸರಲ್ಲಿ ಬಳಸಿ ನೋಡಿದ್ದಾರೆ. ಆದರೆ ಕಾಗದ ಬಂದರೂ ಒಂದು ತೊಡಕು ಉಳಿಯುತ್ತದೆ. ಪ್ರಶ್ನೆ ಕೇಳುವಾಗ ಅತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಸೊಸೆ ಬಾಯಿ ತೆರೆಯುವ ಮೊದಲು ಹತ್ತಕ್ಕೆ ಹತ್ತೂ ಅವರೇ ಉತ್ತರಿಸಿ ಪಾಸು ಮಾಡಿಸುತ್ತಾರೆ: "ಅವಳಿಗೆಂತ ಕೆಲ್ಸ ಇತ್ತ್? ಉಂಬುದ್, ಮನಿಕಂಬುದ್."

ಮಗುವಿಗೆ ಅಪ್ಪ ಎಂಬವನೊಬ್ಬ ಇದ್ದಾನೆ, ಮರೆಯಬಾರದು. ನಮ್ಮ ಕಡೆ ಅವನು ಬಹುಪಾಲು ಮೊಬೈಲಿನಲ್ಲಿ ಇರುತ್ತಾನೆ. ಬೆಂಗಳೂರಿನ ಹೋಟೆಲು, ಮುಂಬೈಯ ಕ್ಯಾಂಟೀನು, ದುಬೈಯ ಅಂಗಡಿ. ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚಿ ವಿಡಿಯೋ ಕಾಲ್ ಮಾಡಿ, ಆಗ ತಾನೇ ಮಲಗಿದ ಮಗುವನ್ನು ತೋರಿಸು ಎನ್ನುತ್ತಾನೆ. ತೋರಿಸುವಾಗ ಮಗು ಏಳುತ್ತದೆ, ಅವನು ನಾಳೆ ಮಾಡುತ್ತೇನೆ ಎಂದು ಇಡುತ್ತಾನೆ. ರಾಜ್ಯ ಸರ್ಕಾರಿ ನೌಕರನಾದರೆ 15 ದಿನದ ಪಿತೃತ್ವ ರಜೆ ಉಂಟು. ಖಾಸಗಿ ಕೆಲಸದವನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ತಾಯಿಗೆ 2017ರ ತಿದ್ದುಪಡಿಯಲ್ಲಿ 26 ವಾರ ಸಿಕ್ಕಿತು, ಅದು ಸಂಬಳದ ಚೀಟಿ ಇರುವವಳಿಗೆ. ಗಂಗೊಳ್ಳಿಯಲ್ಲಿ ಮೀನಿನ ಬುಟ್ಟಿ ಹೊರುವವಳಿಗೆ ಯಾವ ಕಾಯ್ದೆಯೂ ಬುಟ್ಟಿ ಇಳಿಸಿಕೊಟ್ಟಿಲ್ಲ. ಊರಿನಲ್ಲೇ ಇರುವ ಗಂಡಂದಿರು ಏನು ಮಾಡುತ್ತಾರೆಂದರೆ, ರಾತ್ರಿ ಯಕ್ಷಗಾನದ ಆಟಕ್ಕೆ ಹೋಗುತ್ತಾರೆ. ಅಲ್ಲಿ ಮೀಸೆ ಬೋಳಿಸಿದ ಗಂಡಸೊಬ್ಬ ಚಂದ್ರಮತಿಯಾಗಿ ಮಗನ ಹೆಣದ ಮುಂದೆ ಗೋಳಿಡುತ್ತಾನೆ. ಗಂಡಂದಿರೆಲ್ಲ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ವೇಷ ಲಾಯ್ಕಾಯಿತು ಎಂದು ಬೆಳಗಿನ ಜಾವದ ಚಹಾದಂಗಡಿಯಲ್ಲಿ ವಿಮರ್ಶೆ ಮಾಡುತ್ತಾರೆ. ಮನೆಗೆ ಬಂದರೆ ಅಲ್ಲೊಬ್ಬಳು ವೇಷವಿಲ್ಲದೆ ಅಳುತ್ತಿರುತ್ತಾಳೆ. ಅದಕ್ಕೆ ಕಿರಿಕಿರಿ ಎನ್ನುತ್ತಾರೆ.

ಊರಿನ ದೇವರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಅಲ್ಲಿ ನಿಂತಿರುವವನೇ ಒಬ್ಬ ಮಗು. ಹಟ್ಟಿಯಂಗಡಿಯ ಸಿದ್ಧಿವಿನಾಯಕ ಜಟೆ ಬಿಟ್ಟ ಬಾಲಗಣಪತಿ. ನಾಮಕರಣಕ್ಕೆ, ಅನ್ನಪ್ರಾಶನಕ್ಕೆ ಎಲ್ಲರೂ ಅವನ ಮುಂದೆ ಮಗುವನ್ನು ಮಲಗಿಸುವವರೇ. ಅವನು ಹುಟ್ಟಿದ ಕತೆಯನ್ನು ಒಮ್ಮೆ ಹೆಂಗಸರ ಕಡೆಯಿಂದ ಕೇಳಿ. ಪಾರ್ವತಿಗೆ ಬೇಕಿದ್ದದ್ದು ಬಹಳ ಸಣ್ಣದು, ಯಾರ ಕಾಟವೂ ಇಲ್ಲದೆ ಒಂದು ಸ್ನಾನ. ಅಷ್ಟಕ್ಕೆ ಅವಳು ತನ್ನ ಮೈಯ ಮಣ್ಣಿನಿಂದ ಒಂದು ಮಗುವನ್ನೇ ಮಾಡಿ ಬಾಗಿಲಿಗೆ ನಿಲ್ಲಿಸಬೇಕಾಯಿತು. ಗಂಡ ಬಂದ. ಒಳಗೆ ಹೆಂಡತಿ ಮೀಯುತ್ತಿದ್ದಾಳೆ, ಸ್ವಲ್ಪ ಹೊತ್ತು ಕಾಯಿ ಎಂದರೆ ಕಾಯುವ ಗಂಡಸೇ? ರುಂಡ ಹಾರಿತು. ದೇವಿ ಉಗ್ರಳಾಗಿ ಮೂರು ಲೋಕ ನಡುಗಿದ ಮೇಲೆಯೇ ಗಣಗಳು ಆನೆಯ ತಲೆ ಹುಡುಕಲು ಓಡಿದವು. ಮಗನಿಗೆ ಅಗ್ರಪೂಜೆಯ ವರ ಸಿಕ್ಕಿತು, ಕಡುಬು ಸಿಕ್ಕಿತು. ತಾಯಿಯ ಅರ್ಧ ಸ್ನಾನ ಏನಾಯಿತು ಎಂದು ಯಾವ ಹರಿಕಥೆಯಲ್ಲೂ ಕೇಳಿಲ್ಲ. ಉಗ್ರಳಾಗದೆ ಒಳಗೇ ಬಿಕ್ಕಿದ್ದರೆ ಕೈಲಾಸದಲ್ಲಿಯೂ "ಬಾಣಂತಿ ಅಳಬಾರದು" ಎಂದೇ ಹೇಳಿರುತ್ತಿದ್ದರೋ ಏನೋ.

ಈಗ ನಗು ಬದಿಗಿಟ್ಟು ಒಂದು ಮಾತು. ಸಾವಿರ ಹೆರಿಗೆಗೆ ಒಬ್ಬರೋ ಇಬ್ಬರೋ ತಾಯಂದಿರಿಗೆ ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ ಕಾಯಿಲೆ ಬರುತ್ತದೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಹೆಚ್ಚು. ದಿನಗಟ್ಟಲೆ ನಿದ್ದೆ ಇಲ್ಲ, ಇಲ್ಲದ ದನಿ ಕೇಳುತ್ತದೆ, ಮಗು ತನ್ನದಲ್ಲ ಅನ್ನಿಸುತ್ತದೆ. ಅದು ಗಾಳಿಯೂ ಅಲ್ಲ, ಮಾಟವೂ ಅಲ್ಲ, ನಾಳೆ ನೋಡೋಣ ಎನ್ನುವಂಥದ್ದೂ ಅಲ್ಲ. ಅಂದೇ ಆಸ್ಪತ್ರೆ ಸೇರಿಸಬೇಕು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹಿಂದೆಲ್ಲ ಹೀಗಾದರೆ ತಾಯಿ ಆಸ್ಪತ್ರೆಗೆ, ಮಗು ಅಜ್ಜಿಯ ಮನೆಗೆ. ಎದೆಯ ಹಾಲು ಗೋಡೆಗೆ ಹಿಂಡುವ ಶಿಕ್ಷೆ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಮತ್ತು ಅವರ ತಂಡ 2009ರಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು ತೆರೆಯಿತು, ದೇಶದಲ್ಲಿ ಅದೇ ಮೊದಲು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು ಎಂದೂ ಹೇಳಿತು. ಕಾನೂನು ಹಟ್ಟಿಯಂಗಡಿಗೂ ಬಂದಿದೆ. ಅಂಥ ವಾರ್ಡು ಮಾತ್ರ ಇನ್ನೂ ಘಟ್ಟದ ಮೇಲೆ ನಾನೂರು ಕಿಲೋಮೀಟರ್ ಆಚೆಗಿದೆ.

ಹತ್ತಿರದಲ್ಲಿ ಏನೂ ಇಲ್ಲ ಎಂದು ಕೈಚೆಲ್ಲುವವರಿಗೆ ಆ ನೆಪವೂ ಸಿಗದು. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ಏರ್ಪಾಡನ್ನೂ ಸರ್ಕಾರ ಮಾಡಿದೆ. ಅದಕ್ಕೆ ಅದು ಆರಿಸಿಕೊಂಡ ವಾರ ಯಾವುದು ಗೊತ್ತೇ? ಮಂಗಳವಾರ! ವಾರದ ಏಳು ದಿನಗಳಲ್ಲಿ ಯಾವ ದಿನ ಮಗಳನ್ನು ಮನೆಯಿಂದ ಹೊರಡಿಸಬಾರದೆಂದು ನಮ್ಮ ಅಜ್ಜಿಯಂದಿರು ಕಟ್ಟಪ್ಪಣೆ ಮಾಡಿದ್ದರೋ, ಸರಿಯಾಗಿ ಅದೇ ದಿನ. ವಿಧಾನಸೌಧದಲ್ಲಿ ಒಬ್ಬ ಅಜ್ಜಿಯನ್ನಾದರೂ ಸಲಹೆಗಾರರನ್ನಾಗಿ ನೇಮಿಸಿಕೊಳ್ಳಬಾರದಿತ್ತೇ?

ಅಜ್ಜಿಯಂದಿರಿಗೆ, ಅತ್ತೆಯಂದಿರಿಗೆ, ರಾತ್ರಿ ಹನ್ನೊಂದರ ಅಪ್ಪಂದಿರಿಗೆ ನನ್ನದೊಂದು ಅರಿಕೆ. ಬಿಸಿನೀರು, ಲೇಹ್ಯ ಯಾವುದನ್ನೂ ನಿಲ್ಲಿಸಬೇಡಿ. ಮಧ್ಯಾಹ್ನ ಎರಡು ಗಂಟೆ ಮಗುವನ್ನು ಎತ್ತಿಕೊಂಡು ಚಾವಡಿಗೆ ಹೋಗಿ, ಅವಳು ನಿದ್ದೆ ಮಾಡಲಿ. ಎದ್ದ ಮೇಲೆ ಹೇಗಿದ್ದೀಯ ಎಂದು ಕೇಳಿ, ಕೇಳಿದ ಮೇಲೆ ನೀವೇ ಉತ್ತರ ಹೇಳಬೇಡಿ. ಅತ್ತರೆ ಅಳಲಿ. ಎರಡು ವಾರ ಕಳೆದೂ ಅಳು ನಿಲ್ಲದಿದ್ದರೆ, ಅಥವಾ ಅಳುವುದನ್ನೂ ನಿಲ್ಲಿಸಿ ಗೋಡೆ ನೋಡತೊಡಗಿದರೆ, 14416ಕ್ಕೆ ಫೋನು ಮಾಡಿ. ಟೆಲಿ ಮನಸ್ ಎಂದು ಅದರ ಹೆಸರು, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಂಗಳವಾರವೂ ಎತ್ತುತ್ತಾರೆ, ಅಮಾವಾಸ್ಯೆಯಂದೂ ಎತ್ತುತ್ತಾರೆ.